ಸ್ಪ್ರೇ, ಮಂಪರು, ಬೆನ್ನಿನ ಇಂಜೆಕ್ಷನ್, ಪೂರ್ತಿ ಅರಿವಳಿಕೆ: ನಿಮಗೆ ಯಾವುದು?

“ಎಂಡೋಸ್ಕೋಪಿಗೆ ಬರೆದುಕೊಟ್ಟಿದ್ದಾರೆ. ಬೇಕಾದರೆ ಮಂಪರು ಕೊಟ್ಟು ಮಾಡ್ತೀವಿ, ಬೇಡ ಅಂದ್ರೆ ಗಂಟಲಿಗೆ ಸ್ಪ್ರೇ ಹೊಡೆದು ಮಾಡ್ತೀವಿ ಅಂದ್ರು. ಯಾವುದಕ್ಕೆ ಹೂಂ ಅನ್ನಲಿ?” “ಅಪ್ಪನಿಗೆ ಎಪ್ಪತ್ತೆರಡು. ಹರ್ನಿಯಾ ಆಪರೇಶನ್ನಿಗೆ ಬೆನ್ನಿಗೆ ಚುಚ್ಚೋದು ಒಳ್ಳೇದಾ, ಪೂರ್ತಿ ಜ್ಞಾನ ತಪ್ಪಿಸೋದಾ?” ಅರಿವಳಿಕೆ ವಿಭಾಗದಲ್ಲಿ ಕೆಲಸ ಮಾಡುವ ನನಗೆ ನೆಂಟರಿಷ್ಟರಿಂದ ಬರುವ ಫೋನುಗಳಲ್ಲಿ ಹೆಚ್ಚಿನವು ಇಂಥವೇ. ಆಪರೇಶನ್ ಬಗ್ಗೆ ಸರ್ಜನ್ ಹತ್ತಿರ ಎಲ್ಲ ಕೇಳಿ ತಿಳಿದುಕೊಂಡಿರುತ್ತಾರೆ, ಮತ್ತಿನ ಬಗ್ಗೆ ಕೇಳಲು ಯಾರೂ ಸಿಕ್ಕಿರುವುದಿಲ್ಲ. ಭಯ ಇರುವುದು ಮಾತ್ರ ಅಲ್ಲೇ. ಎಚ್ಚರ ಆಗದೇ ಹೋದರೆ? ನಡುವೆ ಎಚ್ಚರ ಆಗಿಬಿಟ್ಟರೆ? ಕಾಲು ಸ್ವಾಧೀನ ತಪ್ಪಿದರೆ?

ಈ ಭಯಗಳಿಗೆ ಉತ್ತರವಿದೆ, ಆಯ್ಕೆಗೂ ದಾರಿಯಿದೆ. ನಿಮಗೆ ಯಾವುದು ಸೂಕ್ತ ಅನ್ನುವ ಕೊನೆಯ ತೀರ್ಮಾನ ನಿಮ್ಮನ್ನು ಪರೀಕ್ಷಿಸಿದ ವೈದ್ಯರ ಜೊತೆ ಕೂತು ಮಾಡಬೇಕಾದದ್ದು. ಅಲ್ಲಿ ಸರಿಯಾದ ಪ್ರಶ್ನೆ ಕೇಳಲು ಈ ಬರಹ ನೆರವಾಗುತ್ತದೆ.

ಯಾವುದರಿಂದ ಅಳೆಯಬೇಕು

ಜನ ಮತ್ತಿನ ಆಳವನ್ನೇ ಅಪಾಯ ಅಂದುಕೊಂಡಿರುತ್ತಾರೆ. ಸ್ವಲ್ಪ ಮಂಪರಾದರೆ ಸ್ವಲ್ಪ ಅಪಾಯ, ಪೂರ್ತಿ ಅರಿವಳಿಕೆಯಾದರೆ ಪೂರ್ತಿ ಅಪಾಯ ಅಂತ. ಅದು ಹಾಗಿಲ್ಲ. ಪೂರ್ತಿ ಅರಿವಳಿಕೆಯಲ್ಲಿ ಸಾಮಾನ್ಯವಾಗಿ ಶ್ವಾಸನಾಳದೊಳಗೆ ಕೊಳವೆ ಇಟ್ಟಿರುತ್ತೇವೆ. ಹೊಟ್ಟೆಯಿಂದ ಏನಾದರೂ ಮೇಲೆ ಬಂದರೂ ಅದು ಶ್ವಾಸಕೋಶಕ್ಕೆ ಇಳಿಯದಂತೆ ಆ ಕೊಳವೆ ತಡೆಯುತ್ತದೆ, ಉಸಿರು ಯಂತ್ರದ ಹಿಡಿತದಲ್ಲಿರುತ್ತದೆ, ತಲೆಯ ಹತ್ತಿರ ಒಬ್ಬ ವೈದ್ಯರು ಕದಲದೆ ಇರುತ್ತಾರೆ. ಆಳವಾದ ಮಂಪರಿನಲ್ಲಿ ಕೊಳವೆ ಇರುವುದಿಲ್ಲ. ನಾಲಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚಬಹುದು, ಉಸಿರು ನಿಧಾನವಾಗಬಹುದು, ನಿಂತೂ ಹೋಗಬಹುದು. ಕೂಡಲೇ ಗದ್ದ ಎತ್ತಿ ಹಿಡಿದರೆ, ಮಾಸ್ಕ್ ಇಟ್ಟು ಆಮ್ಲಜನಕ ಕೊಟ್ಟರೆ ಇದು ದೊಡ್ಡ ವಿಷಯವೇ ಅಲ್ಲ. ಯಾರೂ ನೋಡುತ್ತಿಲ್ಲದಿದ್ದರೆ ಕೆಲವೇ ನಿಮಿಷಗಳಲ್ಲಿ ಜೀವಕ್ಕೇ ಕುತ್ತು ಬರುತ್ತದೆ. ಮಂಪರಿನಿಂದ ಆಗುವ ಅನಾಹುತಗಳಲ್ಲಿ ಹೆಚ್ಚಿನವು ಉಸಿರಿಗೆ ಸಂಬಂಧಿಸಿದವು, ಮತ್ತು ಬಹುಪಾಲು ತಡೆಯಬಹುದಾದವು.

ಹಾಗಾಗಿ ನನ್ನ ಮೊದಲ ಅಳತೆಗೋಲು ಔಷಧಿಯ ಹೆಸರಲ್ಲ. ಪರೀಕ್ಷೆಯೋ ಆಪರೇಶನ್ನೋ ನಡೆಯುವಾಗ ನಿಮ್ಮ ಉಸಿರನ್ನು ನೋಡಿಕೊಳ್ಳುವುದೊಂದೇ ಕೆಲಸ ಇರುವವರು ಆ ಕೋಣೆಯಲ್ಲಿ ಯಾರು? ಎಂಡೋಸ್ಕೋಪಿ ಮಾಡುವವರೇ ಒಂದು ಕಣ್ಣನ್ನು ಉಸಿರಿನ ಮೇಲೂ ಇಡುತ್ತೇವೆ ಅಂದರೆ ಹಗುರ ಮಂಪರಿಗಿಂತ ಮುಂದೆ ಹೋಗಲು ಒಪ್ಪಬೇಡಿ.

ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ಬೇಕೇ ಬೇಕು, ಆದರೆ ಅದೊಂದೇ ಸಾಲದು. ಮೂಗಿಗೆ ಆಮ್ಲಜನಕ ಕೊಟ್ಟಿರುವಾಗ ಉಸಿರು ನಿಂತರೂ ಆ ಅಂಕಿ ಕೆಲಹೊತ್ತು ತೊಂಬತ್ತೆಂಟು, ತೊಂಬತ್ತೊಂಬತ್ತರಲ್ಲೇ ನಿಂತಿರುತ್ತದೆ. ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ಅಂತ ಇನ್ನೊಂದು ಉಪಕರಣವಿದೆ. ಪ್ರತಿ ಉಸಿರಿಗೂ ಪರದೆಯ ಮೇಲೆ ಒಂದು ದಿಬ್ಬ ಎದ್ದು ಇಳಿಯುತ್ತದೆ. ಉಸಿರು ನಿಂತರೆ ಮರುಕ್ಷಣ ಗೆರೆ ಚಪ್ಪಟೆಯಾಗುತ್ತದೆ. ಅಮೆರಿಕದ ಅರಿವಳಿಕೆ ತಜ್ಞರ ಸಂಘ 2011ರಿಂದ ಮಧ್ಯಮ ಮತ್ತು ಆಳ ಮಂಪರಿಗೂ ಇದು ಇರಲೇಬೇಕು ಅಂದಿದೆ. ನಮ್ಮಲ್ಲಿ ಎಲ್ಲ ಎಂಡೋಸ್ಕೋಪಿ ಕೋಣೆಗಳಲ್ಲೂ ಇದು ಕಾಣುವುದಿಲ್ಲ. ಇದೆಯಾ ಅಂತ ಕೇಳಿ, ಸಂಕೋಚ ಬೇಡ.

ಎರಡನೆಯದು ಹೊಟ್ಟೆ. ಘನ ಆಹಾರ ತಿಂದು 6 ಗಂಟೆ, ಎಣ್ಣೆ-ಮಾಂಸದ ಊಟವಾದರೆ 8 ಗಂಟೆ, ಎದೆಹಾಲು ಕುಡಿದ ಮಗುವಿಗೆ 4 ಗಂಟೆ, ಬರೀ ನೀರಿಗೆ 2 ಗಂಟೆ ಬಿಡಬೇಕು. ನಮ್ಮೂರಲ್ಲಿ ಇದು ತಪ್ಪುವುದು ಕಾಫಿಯಲ್ಲಿ. “ಏನೂ ತಿಂದಿಲ್ಲ ಡಾಕ್ಟ್ರೇ, ಬೆಳಿಗ್ಗೆ ಅರ್ಧ ಲೋಟ ಕಾಫಿ ಅಷ್ಟೇ” ಅನ್ನುತ್ತಾರೆ. ಹಾಲು ಹಾಕಿದ ಕಾಫಿ, ಟೀ, ರಾಗಿ ಗಂಜಿ, ಮಜ್ಜಿಗೆ ಇವೆಲ್ಲ ಆಹಾರದ ಲೆಕ್ಕಕ್ಕೇ ಸೇರುತ್ತವೆ. ಕುಡಿದಿದ್ದರೆ ಹೇಳಿಬಿಡಿ. ದಿನ ಮುಂದೆ ಹೋಗಬಹುದು, ಮುಚ್ಚಿಟ್ಟರೆ ಆಗುವ ಹಾನಿ ಅದಕ್ಕಿಂತ ದೊಡ್ಡದು.

ಮೂರನೆಯದು ನಿಮ್ಮ ದೇಹದ ಸಂಗತಿಗಳು, ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ. ಉಳಿದಂತೆ ಕೆಲಸ ಎಷ್ಟು ಹೊತ್ತಿನದು, ಎಷ್ಟು ನೋಯುತ್ತದೆ, ಮನೆಗೆ ಕರೆದೊಯ್ಯಲು ಯಾರಿದ್ದಾರೆ, ಕೈಯಲ್ಲಿ ಎಷ್ಟು ದುಡ್ಡಿದೆ.

ಎಂಡೋಸ್ಕೋಪಿ: ಮೂರು ದಾರಿ

ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ಬರೀ ಹೊಟ್ಟೆ ನೋಡುವ ಎಂಡೋಸ್ಕೋಪಿ ಐದು-ಹತ್ತು ನಿಮಿಷದ ಕೆಲಸ. ಕೊಳವೆ ಕಿರುಬೆರಳಿನಷ್ಟು ದಪ್ಪ. ಅದು ಇಳಿಯುವುದು ಅನ್ನನಾಳದಲ್ಲಿ, ಉಸಿರಿನ ದಾರಿಯಲ್ಲಲ್ಲ.

ಸ್ಪ್ರೇ ಅಂದರೆ ಲಿಗ್ನೋಕೇನ್. ಕಹಿಯಾಗಿರುತ್ತದೆ, ಸ್ವಲ್ಪ ಹೊತ್ತಿಗೆ ಗಂಟಲು ಊದಿಕೊಂಡಂತೆ, ಉಗುಳು ನುಂಗಲಾಗದಂತೆ ಅನಿಸುತ್ತದೆ. ನಿಜವಾಗಿ ಊದಿಕೊಂಡಿರುವುದಿಲ್ಲ, ಮರಗಟ್ಟಿರುತ್ತದೆ ಅಷ್ಟೇ. ಎಡಮಗ್ಗುಲಿಗೆ ಮಲಗಿ, ಉಗುಳು ನುಂಗದೆ ಬಾಯಿಯ ಪಕ್ಕದಿಂದ ಸುರಿಯಲು ಬಿಟ್ಟು, ಮೂಗಿನಿಂದ ನಿಧಾನ ಉಸಿರಾಡಿದರೆ ಬಹಳಷ್ಟು ಜನ ತಡೆದುಕೊಳ್ಳುತ್ತಾರೆ. ಕೊಳವೆ ಗಂಟಲು ದಾಟುವಾಗ ಓಕರಿಕೆ ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಆ ಹತ್ತಾರು ಸೆಕೆಂಡುಗಳೇ ಕಷ್ಟ. ಇದರ ಲಾಭ ದೊಡ್ಡದು: ಉಸಿರಿಗೆ ಯಾವ ತೊಂದರೆಯೂ ಇಲ್ಲ, ಜೊತೆಗೆ ಯಾರೂ ಬೇಡ, ಖರ್ಚು ಎಲ್ಲಕ್ಕಿಂತ ಕಡಿಮೆ, ಗಂಟಲಿನ ಮರಗಟ್ಟುವಿಕೆ ಪೂರ್ತಿ ಇಳಿದ ಮೇಲೆ ತಿಂಡಿ ತಿಂದು ಕೆಲಸಕ್ಕೆ ಹೋಗಬಹುದು. ಹೃದಯ, ಶ್ವಾಸಕೋಶ ದುರ್ಬಲವಾಗಿರುವ ಹಿರಿಯರಿಗೆ ನಾನು ಮೊದಲು ಹೇಳುವುದು ಇದನ್ನೇ. ಹಿರಿಯರಿಗೆ ಓಕರಿಕೆಯೂ ಸಾಮಾನ್ಯವಾಗಿ ಕಡಿಮೆ. ಚಿಕ್ಕ ವಯಸ್ಸಿನವರು, ತುಂಬ ಗಾಬರಿ ಇರುವವರು, ಹಲ್ಲುಜ್ಜುವಾಗಲೇ ಓಕರಿಸುವವರು ಇದರಲ್ಲಿ ಒದ್ದಾಡುತ್ತಾರೆ. ಒದ್ದಾಡಿದರೆ ವೈದ್ಯರಿಗೂ ಸರಿಯಾಗಿ ನೋಡಲು ಆಗುವುದಿಲ್ಲ.

ಎರಡನೆಯದು ಹಗುರ ಮಂಪರು. ಸಾಮಾನ್ಯವಾಗಿ ಮಿಡಾಜೋಲಾಮ್, ಕೆಲವೊಮ್ಮೆ ಜೊತೆಗೆ ನೋವಿನ ಔಷಧಿ ಫೆಂಟನಿಲ್. ಕಣ್ಣು ಮುಚ್ಚುತ್ತದೆ, ಕರೆದರೆ ಓಗೊಡುತ್ತೀರಿ, ಆಮೇಲೆ ನಡೆದದ್ದು ನೆನಪಿರುವುದಿಲ್ಲ. ಇದರ ಒಂದು ಒಳ್ಳೆಯ ಗುಣ, ಹೆಚ್ಚಾದರೆ ಮರುಮದ್ದಿದೆ: ಮಿಡಾಜೋಲಾಮ್‌ಗೆ ಫ್ಲೂಮಜೆನಿಲ್, ಫೆಂಟನಿಲ್‌ಗೆ ನಲಾಕ್ಸೋನ್. ಆದರೆ ಮರುಮದ್ದಿನ ಪರಿಣಾಮ ಬೇಗ ಇಳಿದು ಮತ್ತೆ ಮಂಪರು ಹತ್ತಬಹುದು, ಆದ್ದರಿಂದ ಕೊಟ್ಟ ಮೇಲೂ ಕಾಯಬೇಕು. ಎರಡೂ ಔಷಧಿ ಸೇರಿದಾಗ ಉಸಿರಿನ ಮೇಲೆ ಪರಿಣಾಮ ಜೋರು, ವಯಸ್ಸಾದವರಲ್ಲಿ ಇನ್ನೂ ಜೋರು. ಅರವತ್ತು ದಾಟಿದವರಿಗೆ ಚೂರುಚೂರೇ ಕೊಟ್ಟು ನೋಡುವ ತಾಳ್ಮೆ ಬೇಕು.

ಮೂರನೆಯದು ಪ್ರೊಪೊಫಾಲ್, ಹಾಲಿನಂತೆ ಬೆಳ್ಳಗಿರುವ ಇಂಜೆಕ್ಷನ್. ಕೈಯ ನರದಲ್ಲಿ ಹೋಗುವಾಗ ಚುರುಗುಟ್ಟುತ್ತದೆ, ಒಂದು ನಿಮಿಷದೊಳಗೆ ನಿದ್ದೆ, ನಿಲ್ಲಿಸಿದ ಹತ್ತು-ಹದಿನೈದು ನಿಮಿಷಕ್ಕೆ ತಿಳಿಯಾದ ಎಚ್ಚರ. ರೋಗಿಗಳಿಗೆ ಇದು ತುಂಬ ಇಷ್ಟವಾಗುತ್ತದೆ, ನ್ಯಾಯವೇ. ತೊಂದರೆ ಎರಡು. ಇದಕ್ಕೆ ಮರುಮದ್ದಿಲ್ಲ, ಮತ್ತು ಹಗುರ ಮಂಪರಿನಿಂದ ಪೂರ್ತಿ ಅರಿವಳಿಕೆಗೆ ಜಾರಲು ಒಂದೆರಡು ಮಿಲಿಲೀಟರ್ ಹೆಚ್ಚಾದರೂ ಸಾಕು. 2009ರಲ್ಲಿ ಮೈಕಲ್ ಜಾಕ್ಸನ್ ಸತ್ತದ್ದು ಇದರಿಂದಲೇ ಅಂತ ಓದಿ ಹೆದರಿದವರು ಕೇಳುತ್ತಾರೆ. ಅದು ಮನೆಯ ಮಲಗುವ ಕೋಣೆಯಲ್ಲಿ, ಸರಿಯಾದ ಉಪಕರಣವಿಲ್ಲದೆ, ನಿದ್ದೆಗಾಗಿ ಕೊಟ್ಟದ್ದು. ಅದೇ ಔಷಧಿ ದಿನವೂ ಆಪರೇಶನ್ ಥಿಯೇಟರುಗಳಲ್ಲಿ ಅಸಂಖ್ಯ ಜನರನ್ನು ಸುರಕ್ಷಿತವಾಗಿ ಮಲಗಿಸುತ್ತಿದೆ. ಪ್ರೊಪೊಫಾಲ್ ಆಯ್ದರೆ ಅರಿವಳಿಕೆ ತಜ್ಞರು ಕೋಣೆಯಲ್ಲಿ ಇರಲೇಬೇಕು. “ಅನಸ್ತೇಶಿಯಾ ಡಾಕ್ಟರ್ ಕರೆದರೆ ಬರುತ್ತಾರೆ” ಅನ್ನುವುದು ಸಾಲದು.

ದುಡ್ಡಿನ ಮಾತು. ಮಂಪರು ಬೇಕೆಂದರೆ ಔಷಧಿ, ಅರಿವಳಿಕೆ ತಜ್ಞರ ಫೀಸು, ಆಮೇಲೆ ಮಲಗಿಸುವ ಹಾಸಿಗೆ ಇವೆಲ್ಲ ಸೇರಿಕೊಳ್ಳುತ್ತವೆ, ಕೆಲವೆಡೆ ಬಿಲ್ಲು ಎಂಡೋಸ್ಕೋಪಿಯ ದರವನ್ನೇ ಮೀರುತ್ತದೆ. ಬರೀ ಪರೀಕ್ಷೆಗೆ ಮಾಡಿಸುವ ಎಂಡೋಸ್ಕೋಪಿಗೆ ಹೆಚ್ಚಿನ ವಿಮೆ ಪಾಲಿಸಿಗಳು ಹಣ ಕೊಡುವುದಿಲ್ಲ. ಕರ್ನಾಟಕದ ಖಾಸಗಿ ಆಸ್ಪತ್ರೆಗಳು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ದರಪಟ್ಟಿ ತೋರಿಸಬೇಕು, ಮಂಪರಿನ ದರ ಅದರಲ್ಲಿ ಸೇರಿದೆಯೋ ಇಲ್ಲವೋ ಮೊದಲೇ ಕೇಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಒಪ್ಪಿಗೆ ಸಿಕ್ಕಿದ ಆಪರೇಶನ್ ಆದರೆ ಪ್ಯಾಕೇಜಿನಲ್ಲೇ ಅರಿವಳಿಕೆಯ ಖರ್ಚೂ ಸೇರಿರುತ್ತದೆ. ಅದಕ್ಕೆ ಬೇರೆ ಹಣ ಕೇಳಿದರೆ ಆಸ್ಪತ್ರೆಯಲ್ಲಿರುವ ಆ ಯೋಜನೆಯ ಸಹಾಯಕರು, ಅಂದರೆ ಆರೋಗ್ಯ ಮಿತ್ರರನ್ನು ಕಾಣಿ.

ಗುದದ್ವಾರದಿಂದ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪಿಗೆ ನನ್ನ ಅಭಿಪ್ರಾಯ ಬೇರೆ. ಅದು ಇಪ್ಪತ್ತರಿಂದ ನಲವತ್ತು ನಿಮಿಷ ಹಿಡಿಯುತ್ತದೆ, ಕರುಳಿನ ತಿರುವುಗಳಲ್ಲಿ ಗಾಳಿ ತುಂಬಿ ಹಿಂಡಿದಂತೆ ನೋಯುತ್ತದೆ. ಗರ್ಭಕೋಶದ ಆಪರೇಶನ್ ಆದ ಹೆಂಗಸರಿಗೆ, ತೀರಾ ತೆಳ್ಳಗಿರುವವರಿಗೆ ಹೆಚ್ಚು. ಇಲ್ಲಿ ಮಂಪರು ತೆಗೆದುಕೊಳ್ಳುವುದೇ ಮೇಲು, ದುಡ್ಡು ಕಡಿಮೆ ಇದ್ದರೆ ಹಗುರದ್ದು ಸಾಕು. ಪಿತ್ತನಾಳದ ಕಲ್ಲು ತೆಗೆಯುವ ಇಆರ್‌ಸಿಪಿಗೆ ಸ್ಪ್ರೇ ಒಂದೇ ಸಾಲದು, ಆಳ ಮಂಪರೋ ಪೂರ್ತಿ ಅರಿವಳಿಕೆಯೋ ಬೇಕು.

ಬೆನ್ನಿಗೆ ಇಂಜೆಕ್ಷನ್ನೋ, ಪೂರ್ತಿ ಅರಿವಳಿಕೆಯೋ

ಹೊಕ್ಕಳಿಂದ ಕೆಳಗಿನ ಆಪರೇಶನ್‌ಗಳಲ್ಲಿ, ಅಂದರೆ ಹರ್ನಿಯಾ, ಸಿಸೇರಿಯನ್, ಮಂಡಿ, ಸೊಂಟದ ಮೂಳೆ ಮುರಿತಗಳಲ್ಲಿ, ಎರಡೂ ಸಾಧ್ಯ. ಸ್ಪೈನಲ್ ಅನ್ನುವ ಬೆನ್ನಿನ ಇಂಜೆಕ್ಷನ್ ಕೊಟ್ಟರೆ ಕಾಲು ಬಿಸಿಯಾಗಿ, ಭಾರವಾಗಿ, ಎರಡು-ಮೂರು ಗಂಟೆ ಎತ್ತಲಾಗದಂತೆ ಆಗುತ್ತದೆ. ಉಸಿರು ನಿಮ್ಮದೇ, ಎಚ್ಚರವೂ ಇರುತ್ತದೆ. ಆಪರೇಶನ್ ಆದ ಮೊದಲ ಗಂಟೆಗಳಲ್ಲಿ ನೋವಿಲ್ಲ, ವಾಂತಿಯೂ ಕಡಿಮೆ. ರಕ್ತದೊತ್ತಡ ಇಳಿಯುವುದು ಸಾಮಾನ್ಯ, ಅದಕ್ಕೆ ಔಷಧಿ ಕೈಯಲ್ಲೇ ಇರುತ್ತದೆ. ಮೂತ್ರ ಕಟ್ಟಬಹುದು. ಕೆಲವರಿಗೆ ಎದ್ದು ಕೂತರೆ ತಲೆನೋವು, ಮಲಗಿದರೆ ಇಲ್ಲ. ಈಗಿನ ಸಪೂರ ಸೂಜಿಗಳಿಂದ ಇದು ಮೊದಲಿಗಿಂತ ತುಂಬ ಕಡಿಮೆಯಾಗಿದೆ, ಬಂದರೂ ಚಿಕಿತ್ಸೆಯಿದೆ.

“ಹೆರಿಗೆಯಲ್ಲಿ ಬೆನ್ನಿಗೆ ಸೂಜಿ ಹಾಕಿದ್ದಕ್ಕೇ ಇವತ್ತಿಗೂ ಬೆನ್ನುನೋವು” ಅನ್ನುವ ಮಾತು ಪ್ರತಿ ಮನೆಯಲ್ಲೂ ಇದೆ. ಚುಚ್ಚಿದ ಜಾಗ ಕೆಲವು ದಿನ ನೋಯುವುದು ನಿಜ. ವರ್ಷಗಟ್ಟಲೆ ಉಳಿಯುವ ಬೆನ್ನುನೋವಿಗೂ ಆ ಸೂಜಿಗೂ ಅಧ್ಯಯನಗಳಲ್ಲಿ ಸಂಬಂಧ ಕಂಡುಬಂದಿಲ್ಲ. ಬಸುರಿನಲ್ಲಿ ಸಡಿಲವಾದ ಕೀಲುಗಳು, ಮಗು ಎತ್ತಿಕೊಂಡು ಬಾಗುವ ಕೆಲಸ, ಇವೇ ಹೆಚ್ಚಿನ ಕಾರಣ. ಆ ತಾಯಂದಿರ ನೋವು ಸುಳ್ಳಲ್ಲ, ಅದಕ್ಕೆ ಚಿಕಿತ್ಸೆ ಬೇಕು. ಕಾಲು ಸ್ವಾಧೀನ ತಪ್ಪುವ ಭಯಕ್ಕೆ ಒಂದು ಲೆಕ್ಕವಿದೆ: 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸ್ಪೈನಲ್, ಬೆನ್ನಿನಲ್ಲಿ ಸಪೂರ ಕೊಳವೆ ಇಟ್ಟು ಔಷಧಿ ಕೊಡುವ ಎಪಿಡ್ಯೂರಲ್ ಎಲ್ಲ ಸೇರಿ ಶಾಶ್ವತ ಹಾನಿಯಾದದ್ದು ಲಕ್ಷಕ್ಕೆ 2ರಿಂದ 4 ಜನರಿಗೆ.

ಪೂರ್ತಿ ಅರಿವಳಿಕೆಯ ಕಡೆಗೆ ನೋಡೋಣ. ಎಚ್ಚರ ಇರುವುದಿಲ್ಲ, ಎಷ್ಟು ಹೊತ್ತಾದರೂ ನಡೆಸಬಹುದು, ಹೊಟ್ಟೆ, ಎದೆ, ತಲೆಯ ದೊಡ್ಡ ಆಪರೇಶನ್‌ಗಳಿಗೆ, ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಗೆ ಸಾಮಾನ್ಯವಾಗಿ ಇದೇ ದಾರಿ. ಎದ್ದ ಮೇಲೆ ಗಂಟಲು ಕೆರೆತ, ವಾಂತಿ, ನಡುಕ ಬರಬಹುದು. ನಡುವೆ ಎಚ್ಚರವಾಗಿಬಿಡುವ ಭಯಕ್ಕೆ 2014ರ ಇನ್ನೊಂದು ಬ್ರಿಟಿಷ್ ಸಮೀಕ್ಷೆ ಉತ್ತರ ಕೊಡುತ್ತದೆ: ಸುಮಾರು 19,000ಕ್ಕೆ ಒಬ್ಬರು. ಆದರೆ ಪೂರ್ತಿ ಅರಿವಳಿಕೆಯಲ್ಲಿ ಮಾಡಿದ ಸಿಸೇರಿಯನ್‌ಗಳಲ್ಲಿ ಅದು ಸುಮಾರು 670ಕ್ಕೆ ಒಬ್ಬರು. ಮಗುವಿನ ಮೇಲೆ ಪರಿಣಾಮವಾಗದಿರಲಿ ಅಂತ ಹಗುರವಾಗಿ ಕೊಡುವುದು, ತುರ್ತಿನ ಗಡಿಬಿಡಿ ಇವೆಲ್ಲ ಕಾರಣ. ಬಸುರಿಯರಲ್ಲಿ ಶ್ವಾಸನಾಳಕ್ಕೆ ಕೊಳವೆ ಹಾಕುವುದೂ ಕಷ್ಟ. ಅದಕ್ಕೇ ಸಿಸೇರಿಯನ್‌ಗೆ ಬೆನ್ನಿನ ಇಂಜೆಕ್ಷನ್ನೇ ಮೊದಲ ಆಯ್ಕೆ, ಇಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ವಯಸ್ಸಾದವರ ಸೊಂಟದ ಮೂಳೆ ಮುರಿತದ ವಿಷಯದಲ್ಲಿ ಮಾತ್ರ ನಮ್ಮ ನಂಬಿಕೆ ಬದಲಾಗಿದೆ. ಬೆನ್ನಿನ ಇಂಜೆಕ್ಷನ್ನೇ ಸುರಕ್ಷಿತ ಅಂತ ದಶಕಗಳ ಕಾಲ ಹೇಳುತ್ತ ಬಂದೆವು. 2021ರಲ್ಲಿ ಪ್ರಕಟವಾದ, 1,600 ಜನರ ಮೇಲೆ ನಡೆದ ರೀಗೇನ್ ಅಧ್ಯಯನದಲ್ಲಿ 60 ದಿನಗಳ ನಂತರ ಬದುಕುಳಿಯುವುದರಲ್ಲಾಗಲಿ, ನಡೆದಾಡುವುದರಲ್ಲಾಗಲಿ ಸ್ಪೈನಲ್ ಮೇಲುಗೈ ಪಡೆಯಲಿಲ್ಲ. “ಅಮ್ಮನಿಗೆ ಎಂಬತ್ತು, ಪೂರ್ತಿ ಅರಿವಳಿಕೆ ತಡ್ಕೊಳ್ಳಲ್ಲ” ಅಂತ ಆಪರೇಶನ್ನನ್ನೇ ಮುಂದೂಡುವ ಮಕ್ಕಳಿಗೆ ಇದನ್ನು ಹೇಳಲೇಬೇಕು. ಮುರಿದ ಸೊಂಟದಲ್ಲಿ ದಿನಗಟ್ಟಲೆ ಮಲಗಿಸುವುದೇ ದೊಡ್ಡ ಅಪಾಯ. ಸ್ಟೆಂಟ್ ಹಾಕಿಸಿಕೊಂಡು ಕ್ಲೊಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಬೆನ್ನಿಗೆ ಚುಚ್ಚಲು ದಿನಗಳ ಅಂತರ ಬೇಕು. ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಹೃದಯದ ವೈದ್ಯರನ್ನು ಕೇಳಿ.

ಕಣ್ಣು, ಹಲ್ಲು, ಮಕ್ಕಳು, ಸೌಂದರ್ಯದ ಕ್ಲಿನಿಕ್ಕು

ಕಣ್ಣಿನ ಪೊರೆಗೆ ಹನಿಯೋ, ಕಣ್ಣಿನ ಪಕ್ಕದ ಇಂಜೆಕ್ಷನ್ನೋ ಸಾಕು. ಅಲ್ಲಾಡದೆ ಮಲಗಲು ಆಗದವರು, ಕೆಮ್ಮು ಬಿಡದವರು, ಕಿವಿ ಕೇಳದವರು ಮೊದಲೇ ಹೇಳಬೇಕು.

ಹಲ್ಲಿನ ಕುರ್ಚಿಗೆ ಹೆದರುವ ಮಗುವಿಗೆ ಮೂಗಿನ ಮಾಸ್ಕಿನಿಂದ ಕೊಡುವ ನೈಟ್ರಸ್ ಆಕ್ಸೈಡ್ ಒಳ್ಳೆಯ ನಡುದಾರಿ. ಮಗು ಎಚ್ಚರವಿದ್ದು ಮಾತಾಡುತ್ತಿರುತ್ತದೆ, ನಿಲ್ಲಿಸಿ ಕೆಲವು ನಿಮಿಷ ಆಮ್ಲಜನಕ ಕೊಟ್ಟರೆ ತಿಳಿಯಾಗುತ್ತದೆ. ಶೀತದಿಂದ ಮೂಗು ಕಟ್ಟಿದ್ದರೆ ಕೆಲಸ ಮಾಡದು. ಎಂಆರ್‌ಐಗೆ ಚಿಕ್ಕ ಮಕ್ಕಳನ್ನು ಮಲಗಿಸದೆ ಆಗುವುದಿಲ್ಲ. ಇದಕ್ಕೆ ನಿದ್ದೆಯ ಸಿರಪ್ಪನ್ನು ಮನೆಯಲ್ಲೇ ಕುಡಿಸಿ ಕರೆತನ್ನಿ ಅಂದರೆ ಒಪ್ಪಬೇಡಿ. ಕಾರಿನಲ್ಲಿ ತಲೆ ಬಾಗಿ ಮಲಗಿದ ಮಗುವಿನ ಉಸಿರು ಕಟ್ಟಿದರೆ ಗೊತ್ತಾಗುವುದೂ ಇಲ್ಲ. ಆಸ್ಪತ್ರೆಯಲ್ಲೇ, ಆಕ್ಸಿಮೀಟರ್ ಹಾಕಿದ ಮೇಲೆ ಕೊಡಬೇಕು. ಅರಿವಳಿಕೆಯಿಂದ ಬುದ್ಧಿ ಮಂಕಾಗುತ್ತದಾ ಅಂತ ತಾಯಂದಿರು ಕೇಳುತ್ತಾರೆ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದ್ದು ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗೂ ಮೀರಿದ ಅಥವಾ ಮತ್ತೆ ಮತ್ತೆ ಕೊಡುವ ಅರಿವಳಿಕೆಯ ಬಗ್ಗೆ. ಶೈಶವದಲ್ಲಿ ಒಂದು ಗಂಟೆಯೊಳಗಿನ ಒಂದೇ ಅರಿವಳಿಕೆ ಪಡೆದ ಮಕ್ಕಳನ್ನು ಐದನೇ ವರ್ಷದಲ್ಲಿ ಪರೀಕ್ಷಿಸಿದ ‘ಗ್ಯಾಸ್’ ಎಂಬ ಹೆಸರಿನ ಅಧ್ಯಯನದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಕೂದಲು ನಾಟಿ, ಕೊಬ್ಬು ತೆಗೆಯುವ ಕ್ಲಿನಿಕ್ಕುಗಳಲ್ಲಿ “ಬರೀ ಲೋಕಲ್, ಏನೂ ಆಗಲ್ಲ” ಅನ್ನುತ್ತಾರೆ. ಚುಚ್ಚಿದ ಜಾಗವನ್ನಷ್ಟೇ ಮರಗಟ್ಟಿಸುವ ಲೋಕಲ್ ಔಷಧಿಗೂ ದೇಹತೂಕದ ಲೆಕ್ಕದಲ್ಲಿ ಮಿತಿಯಿದೆ. ಮೀರಿದರೆ ನಾಲಗೆ ಜುಮ್ಮೆನ್ನುವುದು, ಕಿವಿಯಲ್ಲಿ ಗುಂಯ್‌ಗುಡುವುದು, ಆಮೇಲೆ ಫಿಟ್ಸ್, ಹೃದಯ ನಿಲ್ಲುವುದು. ದೊಡ್ಡ ಜಾಗಕ್ಕೆ ಚುಚ್ಚುವುದಾದರೆ ತುರ್ತು ಚಿಕಿತ್ಸೆಯ ವ್ಯವಸ್ಥೆ ಇರುವ ಕಡೆಯೇ ಮಾಡಿಸಿ. ರಿಯಾಯಿತಿ ದರಕ್ಕೆ ಇಲ್ಲಿ ಮಾರುಹೋಗಬೇಡಿ.

ವೈದ್ಯರಿಗೆ ನೀವೇ ಹೇಳಬೇಕಾದದ್ದು

ಯಾವ ದಾರಿ ಆಯ್ದರೂ ಇವನ್ನು ಅವರು ಕೇಳದಿದ್ದರೂ ಹೇಳಿ. ಜೋರು ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುತ್ತದೆ ಅಂತ ಮನೆಯವರು ಹೇಳುತ್ತಿದ್ದರೆ ಆಳ ಮಂಪರು ನಿಮಗೆ ಹೆಚ್ಚು ಅಪಾಯದ್ದು. ಅಡಿಕೆ, ಗುಟ್ಕಾ ಹಾಕಿ ಹಾಕಿ ಬಾಯಿ ಮೂರು ಬೆರಳಗಲ ತೆರೆಯದಿದ್ದರೆ ತುರ್ತಿನಲ್ಲಿ ಕೊಳವೆ ಹಾಕುವುದು ಕಷ್ಟವಾಗುತ್ತದೆ. ಕನ್ನಡಿ ಮುಂದೆ ನಿಂತು ನೋಡಿಕೊಳ್ಳಿ. ಅಲ್ಲಾಡುವ ಹಲ್ಲು, ಕುಡಿತ, ಆಸ್ತಮಾ, ಹಿಂದೆ ಅರಿವಳಿಕೆಯಲ್ಲಿ ಆದ ತೊಂದರೆ, ಎಲ್ಲ ಬೇಕು.

ಸಕ್ಕರೆ ಕಾಯಿಲೆಯವರಿಗೆ ಎರಡು ವಿಶೇಷ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಸಾಮಾನ್ಯವಾಗಿ ಆಪರೇಶನ್ನಿಗೆ 3 ದಿನ ಮೊದಲೇ ನಿಲ್ಲಿಸುತ್ತಾರೆ. ಉಪವಾಸದಲ್ಲಿ ಅವು ರಕ್ತದಲ್ಲಿ ಆಮ್ಲ ಏರಿಸಬಹುದು, ಸಕ್ಕರೆ ಅಂಕಿ ಸರಿಯಾಗಿಯೇ ಕಾಣುವುದರಿಂದ ಪತ್ತೆಯಾಗುವುದು ತಡ. ತೂಕ ಇಳಿಸಲು, ಸಕ್ಕರೆಗೆ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ತೆಗೆದುಕೊಳ್ಳುವವರಲ್ಲಿ ಎಂಟು ಗಂಟೆ ಕಳೆದರೂ ಹೊಟ್ಟೆ ಖಾಲಿಯಾಗದಿರಬಹುದು. ನಿಲ್ಲಿಸಬೇಕೋ, ಹಿಂದಿನ ದಿನ ಬರೀ ದ್ರವ ಆಹಾರ ಸಾಕೋ ಅನ್ನುವುದನ್ನು ವೈದ್ಯರು ಹೇಳಲಿ.

ಇನ್ನೊಂದು ನಮ್ಮ ಕಡೆಯದು. ಕರ್ನಾಟಕ, ಆಂಧ್ರ, ತೆಲಂಗಾಣಗಳ ಆರ್ಯವೈಶ್ಯ ಕುಟುಂಬಗಳಲ್ಲಿ ಸಕ್ಸಿನೈಲ್‌ಕೋಲಿನ್ ಎಂಬ ಔಷಧಿಯನ್ನು ಕರಗಿಸುವ ಕಿಣ್ವ ಕಡಿಮೆ ಇರುವ ಆನುವಂಶಿಕ ಗುಣ ಬೇರೆಯವರಿಗಿಂತ ಹೆಚ್ಚು ಕಾಣುತ್ತದೆ. ಕೊಳವೆ ಹಾಕಲು ಸ್ನಾಯು ಸಡಿಲಿಸುವ ಈ ಔಷಧಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಇಳಿದರೆ, ಇವರಲ್ಲಿ ಗಂಟೆಗಟ್ಟಲೆ ಇರಬಹುದು, ಅಷ್ಟು ಹೊತ್ತು ವೆಂಟಿಲೇಟರ್ ಬೇಕಾಗುತ್ತದೆ. ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಬದಲಿ ಔಷಧಿಯೂ ಇದೆ. ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ತಪ್ಪದೆ ತಿಳಿಸಿ.

ನಿಮ್ಮ ಸ್ಥಿತಿಗೆ ಯಾವುದು

ಒಬ್ಬರೇ ಬಂದು ಹೋಗಬೇಕು, ಖರ್ಚು ಕಡಿಮೆ ಇರಲಿ, ಬರೀ ಹೊಟ್ಟೆಯ ಎಂಡೋಸ್ಕೋಪಿ ಅಂದರೆ ಸ್ಪ್ರೇ. ಗಾಬರಿ ಹೆಚ್ಚು, ಜೊತೆಗೆ ಜನ ಇದ್ದಾರೆ, ಆರೋಗ್ಯ ಚೆನ್ನಾಗಿದೆ ಅಂದರೆ ಹಗುರ ಮಂಪರು. ಕೊಲೊನೋಸ್ಕೋಪಿ, ಹಿಂದೆ ತುಂಬ ಒದ್ದಾಡಿದ ಅನುಭವ, ಅರಿವಳಿಕೆ ತಜ್ಞರು ಸಿಗುವ ಆಸ್ಪತ್ರೆ ಅಂದರೆ ಪ್ರೊಪೊಫಾಲ್. ಗೊರಕೆ, ಬೊಜ್ಜು, ಖಾಲಿಯಾಗದ ಹೊಟ್ಟೆ ಇರುವವರಿಗೆ ಒಂದೋ ಸ್ಪ್ರೇ, ಇಲ್ಲವಾದರೆ ಕೊಳವೆ ಹಾಕಿದ ಪೂರ್ತಿ ಅರಿವಳಿಕೆ. ನಡುವಿನ ಆಳ ಮಂಪರೇ ಇವರಿಗೆ ಒಗ್ಗದ್ದು. ಕೆಳಹೊಟ್ಟೆ, ಕಾಲಿನ ಆಪರೇಶನ್ನಿಗೆ ರಕ್ತ ತೆಳುವಾಗಿಸುವ ಮಾತ್ರೆ ಇಲ್ಲದಿದ್ದರೆ ಸ್ಪೈನಲ್ ಕೇಳಿ, ಎಚ್ಚರ ಇರುವ ಭಯಕ್ಕೆ ಜೊತೆಗೆ ಹಗುರ ಮಂಪರು ಕೊಡುತ್ತಾರೆ.

ದಿನ ನಿಗದಿ ಮಾಡುವಾಗಲೇ ಆಸ್ಪತ್ರೆಗೆ ಫೋನ್ ಮಾಡಿ ಇಷ್ಟು ಕೇಳಿ: ಮಂಪರು ಯಾರು ಕೊಡುತ್ತಾರೆ, ಅವರು ಕೊನೆಯವರೆಗೂ ಕೋಣೆಯಲ್ಲಿ ಇರುತ್ತಾರಾ, ಕ್ಯಾಪ್ನೋಗ್ರಾಫ್ ಇದೆಯಾ, ಎದ್ದ ಮೇಲೆ ಎಷ್ಟು ಹೊತ್ತು ನೋಡಿಕೊಳ್ಳುತ್ತೀರಿ, ಅರಿವಳಿಕೆ ವೈದ್ಯರನ್ನು ಹಿಂದಿನ ದಿನವೇ ಕಾಣಬಹುದಾ. ಉತ್ತರ ಹಾರಿಕೆಯದಾಗಿದ್ದರೆ, ತುರ್ತಿಲ್ಲದ ಕೆಲಸಕ್ಕೆ ಬೇರೆ ಕಡೆ ನೋಡಿ. ಮಂಪರು ಪಡೆದ ದಿನ ಮನೆಗೆ ಕರೆದೊಯ್ಯಲು ದೊಡ್ಡವರೊಬ್ಬರು ಇರಲಿ. 24 ಗಂಟೆ ಗಾಡಿ ಓಡಿಸಬೇಡಿ, ಒಲೆಯ ಮುಂದೆ ಒಬ್ಬರೇ ನಿಲ್ಲಬೇಡಿ, ಕುಡಿಯಬೇಡಿ, ಬ್ಯಾಂಕು-ರಿಜಿಸ್ಟ್ರಾರ್ ಕಚೇರಿಯ ಕಾಗದಕ್ಕೆ ಸಹಿ ಹಾಕಬೇಡಿ. ಎಬ್ಬಿಸಿದರೂ ಏಳದಷ್ಟು ನಿದ್ದೆ, ಏದುಸಿರು, ನಿಲ್ಲದ ವಾಂತಿ, ಸ್ಪೈನಲ್ ಆದ ಮೇಲೆ ಇಳಿಯದ ತಲೆನೋವು ಅಥವಾ ಮರುದಿನವೂ ಬಿಡದ ಕಾಲಿನ ಮರಗಟ್ಟುವಿಕೆ ಕಂಡರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ, ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.